ಸ್ಟಿಯರಿಂಗ್ ಹಿಡಿಯದೆ ರೇಸ್ ಗೆದ್ದ ಆಲ್ಫ್ರೆಡ್ ನೊಯ್‌ಬಾವರ್

ಫಾರ್ಮುಲಾ ಒನ್ ರೇಸನ್ನು ಟೀವಿಯಲ್ಲಿ ನೋಡುವವರಿಗೆ ಪಿಟ್‌ನ ದೃಶ್ಯ ಹೊಸತಲ್ಲ. ಕಾರು ಒಳಗೆ ನುಗ್ಗಿ ನಿಲ್ಲುತ್ತದೆ. ಹೆಲ್ಮೆಟ್ ತೊಟ್ಟ ಮೆಕ್ಯಾನಿಕ್‌ಗಳ ಗುಂಪು ಅದರ ಮೇಲೆ ಮುಗಿಬೀಳುತ್ತದೆ. ಎರಡು-ಮೂರು ಸೆಕೆಂಡುಗಳಲ್ಲಿ ನಾಲ್ಕೂ ಟೈರುಗಳು ಬದಲಾಗಿ ಕಾರು ಮತ್ತೆ ಹಾದಿ ಹಿಡಿದಿರುತ್ತದೆ. ಚಾಲಕನ ಕಿವಿಯಲ್ಲಿ ಎಂಜಿನಿಯರ್‌ನ ಧ್ವನಿ ಇದ್ದೇ ಇರುತ್ತದೆ. ಮುಂದಿರುವವರು ಯಾರು, ಹಿಂದಿರುವವರು ಎಷ್ಟು ದೂರದಲ್ಲಿದ್ದಾರೆ, ಟೈರು ಇನ್ನೆಷ್ಟು ಸುತ್ತು ತಾಳೀತು ಎಂಬ ಲೆಕ್ಕ ಕ್ಷಣಕ್ಷಣಕ್ಕೂ ತಲುಪುತ್ತಿರುತ್ತದೆ. ನೂರು ವರ್ಷಗಳ ಹಿಂದೆ ಇದಾವುದೂ ಇರಲಿಲ್ಲ. ರೇಸ್ ಆರಂಭವಾಯಿತೆಂದರೆ ಚಾಲಕ ಏಕಾಂಗಿ. ಗಂಟೆಗಟ್ಟಲೆ ಕಾರು ಓಡಿಸಿ ಕೊನೆಗೆ ಇಳಿದ ಮೇಲಷ್ಟೇ ತಾನು ಗೆದ್ದೆನೋ ಸೋತೆನೋ ಎಂಬುದು ಆತನಿಗೆ ತಿಳಿಯುತ್ತಿತ್ತು.

ಈ ಏಕಾಂಗಿತನವನ್ನು ನೀಗಿಸಲು ಹೊರಟ ವ್ಯಕ್ತಿಯೇ ಆಲ್ಫ್ರೆಡ್ ನೊಯ್‌ಬಾವರ್. 1926ರಿಂದ 1955ರವರೆಗೆ ಜರ್ಮನಿಯ ಮರ್ಸಿಡಿಸ್ ಬೆಂಜ್ ರೇಸಿಂಗ್ ತಂಡದ ಚುಕ್ಕಾಣಿ ಹಿಡಿದಿದ್ದ ಇವರು ಸ್ವತಃ ಒಂದೇ ಒಂದು ಮಹತ್ವದ ರೇಸನ್ನೂ ಗೆದ್ದವರಲ್ಲ. ಆದರೆ ರೇಸ್ ಎಂಬುದು ಬಾವುಟ ಬೀಸುವ ಮುನ್ನವೇ, ವಾರಗಳ, ತಿಂಗಳುಗಳ ಸಿದ್ಧತೆಯಲ್ಲೇ ಬಹುಪಾಲು ತೀರ್ಮಾನವಾಗಿಬಿಡುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅವರು. ಆ ಸಿದ್ಧತೆಯೂ ಕೈಕೊಡುವ ಗಳಿಗೆ ಒಂದಿದೆ ಎಂಬುದನ್ನು ಅತ್ಯಂತ ದಾರುಣವಾಗಿ ಕಂಡವರೂ ಅವರೇ.

ನೊಯ್‌ಬಾವರ್ ಹುಟ್ಟಿದ್ದು 1891ರ ಮಾರ್ಚ್ 29ರಂದು, ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾದ ನೊಯ್‌ಟಿಷೈನ್ ಎಂಬ ಊರಿನಲ್ಲಿ. ಇಂದು ಅದು ಚೆಕ್ ಗಣರಾಜ್ಯದ ನೋವಿ ಯಿಚಿನ್. ಸಾಮ್ರಾಜ್ಯದ ಸೇನೆಯಲ್ಲಿ ಅಧಿಕಾರಿಯಾಗಿದ್ದ ಅವರಿಗೆ ಮೋಟಾರು ವಾಹನಗಳ ನಂಟು ಬೆಳೆದದ್ದು ಅಲ್ಲಿಯೇ. ಮೊದಲ ಮಹಾಯುದ್ಧ ಮುಗಿದು ಸಾಮ್ರಾಜ್ಯವೇ ಚೂರಾದ ಮೇಲೆ ಆಸ್ಟ್ರೋ-ಡೈಮ್ಲರ್ ಕಂಪನಿ ಸೇರಿದರು. ಅಲ್ಲಿ ಮುಖ್ಯಸ್ಥರಾಗಿದ್ದವರು ಫರ್ಡಿನಾಂಡ್ ಪೋರ್ಷೆ. ಮುಂದೆ ಫೋಕ್ಸ್‌ವಾಗನ್ ಬೀಟಲ್ ಕಾರನ್ನು ರೂಪಿಸಿದ ಅದೇ ಪೋರ್ಷೆ.

ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ಊಟದ ಮೇಲೆ ವಿಪರೀತ ಪ್ರೀತಿ. ಇಂಥ ನೊಯ್‌ಬಾವರ್‌ಗೆ ರೇಸ್ ಚಾಲಕರಾಗುವ ಆಸೆಯಿತ್ತು. 1922ರಲ್ಲಿ ಸಿಸಿಲಿ ದ್ವೀಪದ ಬೆಟ್ಟದ ರಸ್ತೆಗಳಲ್ಲಿ ನಡೆಯುವ ಟಾರ್ಗಾ ಫ್ಲೋರಿಯೊ ರೇಸಿನಲ್ಲಿ ಸಾಶಾ ಎಂಬ ಪುಟ್ಟ ಕಾರನ್ನು ಓಡಿಸಿ 19ನೇ ಸ್ಥಾನ ಪಡೆದರು. ಪೋರ್ಷೆ ಸ್ಟುಟ್‌ಗಾರ್ಟ್‌ನ ಡೈಮ್ಲರ್ ಕಂಪನಿಗೆ ಹೋದಾಗ ನೊಯ್‌ಬಾವರ್ ಕೂಡ ಅವರ ಹಿಂದೆ ನಡೆದರು. 1924ರಲ್ಲಿ ಅದೇ ಟಾರ್ಗಾ ಫ್ಲೋರಿಯೊದಲ್ಲಿ ಮರ್ಸಿಡಿಸ್ ತಂಡದ ಕ್ರಿಶ್ಚಿಯನ್ ವೆರ್ನರ್ ಗೆದ್ದರೆ ನೊಯ್‌ಬಾವರ್ 15ನೆಯವರಾಗಿ ಬಂದರು. ಆ ಸಲ ಜರ್ಮನ್ ತಂಡದವರು ತಮ್ಮ ಕಾರುಗಳಿಗೆ ರೂಢಿಯ ಬಿಳಿಯ ಬದಲು ಇಟಲಿಯ ಕೆಂಪು ಬಣ್ಣ ಬಳಿದಿದ್ದರು. ಪರದೇಶದ ಕಾರೆಂದು ಗೊತ್ತಾದರೆ ಸ್ಥಳೀಯರು ಕಲ್ಲೆಸೆದಾರೆಂಬ ಭಯವಿತ್ತು, ಅದಕ್ಕೆ ಈ ವೇಷ. ಚಾಲಕನ ಕೈಚಳಕಕ್ಕೆ ಸಂಬಂಧಿಸದ ಇಂಥ ಸಣ್ಣ ಸಣ್ಣ ಉಪಾಯಗಳೂ ರೇಸನ್ನು ಗೆಲ್ಲಿಸಬಲ್ಲವು ಎಂಬ ಪಾಠವನ್ನು ನೊಯ್‌ಬಾವರ್ ಅಲ್ಲಿ ಕಣ್ಣಾರೆ ಕಂಡರು. ತಾವು ದೊಡ್ಡ ಚಾಲಕರಾಗಲಾರೆವೆಂಬುದೂ ಅಷ್ಟರಲ್ಲಿ ಅವರಿಗೆ ಮನದಟ್ಟಾಗಿತ್ತು.

1926ರ ಜುಲೈಯಲ್ಲಿ ಬರ್ಲಿನ್‌ನ ಆವುಸ್ ಪಥದಲ್ಲಿ ಜರ್ಮನ್ ಗ್ರಾಂಪ್ರಿ ನಡೆಯಿತು. ಸುರಿಯುವ ಮಳೆ. ರುಡಾಲ್ಫ್ ಕರಾಚಿಯೊಲಾ ಎಂಬ ಯುವಕನ ಮರ್ಸಿಡಿಸ್ ಕಾರು ಆರಂಭದಲ್ಲೇ ನಿಂತುಹೋಯಿತು. ಅದನ್ನು ತಳ್ಳಿ ಚಾಲೂ ಮಾಡಬೇಕಾಯಿತು. ಮುಂದೆ ಸ್ಪಾರ್ಕ್ ಪ್ಲಗ್ ಕೈಕೊಟ್ಟಿತು, ಅದನ್ನೂ ಬದಲಿಸಬೇಕಾಯಿತು. ಎಲ್ಲ ಮುಗಿಯಿತೆಂದುಕೊಂಡೇ ಕಾರು ಓಡಿಸುತ್ತಿದ್ದ ಕರಾಚಿಯೊಲಾಗೆ, ರೇಸಿನ ಕೊನೆಯಲ್ಲಿ ತಾವೇ ವಿಜಯಿ ಎಂದು ತಿಳಿದಾಗ ನಂಬಲಾಗಲಿಲ್ಲ. ಗೆದ್ದವನಿಗೇ ಗೆಲುವು ಗೊತ್ತಿಲ್ಲದ ಈ ವಿಚಿತ್ರ ನೊಯ್‌ಬಾವರ್ ಅವರನ್ನು ಯೋಚನೆಗೆ ಹಚ್ಚಿತು.

ಅದೇ ವರ್ಷದ ಸೆಪ್ಟೆಂಬರ್ 12ರಂದು ಸ್ಟುಟ್‌ಗಾರ್ಟ್ ಬಳಿಯ ಸಾಲಿಟ್ಯೂಡ್ ಪಥದಲ್ಲಿ ಅವರು ತಮ್ಮ ಹೊಸ ಪದ್ಧತಿಯನ್ನು ಪ್ರಯೋಗಿಸಿದರು. ಫಲಕಗಳ ಮೇಲೆ ಅಂಕಿ-ಅಕ್ಷರ ಬರೆದು, ಬಾವುಟ ಬೀಸಿ, ಪ್ರತಿ ಸುತ್ತಿನಲ್ಲೂ ತಮ್ಮ ಚಾಲಕರಿಗೆ ಸ್ಥಾನ ಮತ್ತು ಅಂತರ ತಿಳಿಸಿದರು. ಪಥದ ಅಂಚಿನಲ್ಲಿ ನಿಂತು ಕೈಕಾಲು ಬೀಸುತ್ತಿದ್ದ ಈ ಸ್ಥೂಲಕಾಯದ ಮನುಷ್ಯನನ್ನು ಕಂಡು ರೇಸಿನ ಅಧಿಕಾರಿ ಸಿಡಿಮಿಡಿಗೊಂಡು ಅಲ್ಲಿಂದ ತೊಲಗುವಂತೆ ಗದರಿದನೆಂದು ನೊಯ್‌ಬಾವರ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರೇಸಿಂಗ್ ತಂಡದ ವ್ಯವಸ್ಥಾಪಕ ಎಂಬ ಹುದ್ದೆಯೇ ಆಗ ಯಾರ ಕಲ್ಪನೆಯಲ್ಲೂ ಇರಲಿಲ್ಲವಾದ್ದರಿಂದ ಅಧಿಕಾರಿಯನ್ನು ದೂರುವಂತಿಲ್ಲ.

ಅಲ್ಲಿಂದ ಮುಂದೆ ಕುತ್ತಿಗೆಗೆ ಸ್ಟಾಪ್‌ವಾಚುಗಳು, ತಲೆಗೆ ಹ್ಯಾಟು, ಕೈಯಲ್ಲಿ ಬಾವುಟ ಹಿಡಿದ ನೊಯ್‌ಬಾವರ್ ಯುರೋಪಿನ ರೇಸ್ ಪಥಗಳ ಪರಿಚಿತ ದೃಶ್ಯವಾದರು. ಟೈರು ಬದಲಿಸುವುದು, ಇಂಧನ ತುಂಬುವುದು, ಗಾಜು ಒರೆಸುವುದು, ಚಾಲಕನ ಕೈಗೆ ನೀರು ಕೊಡುವುದು, ಇವೆಲ್ಲಕ್ಕೂ ಇಂಥವನೇ ಎಂದು ಆಳುಗಳನ್ನು ನೇಮಿಸಿ, ಸೇನೆಯ ಕವಾಯತಿನಂತೆ ಮತ್ತೆ ಮತ್ತೆ ಮಾಡಿಸಿದರು. ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವಂತಿರಲಿಲ್ಲ. ಸೇನೆ ಬಿಟ್ಟರೂ ಸೇನೆ ಅವರನ್ನು ಬಿಟ್ಟಿರಲಿಲ್ಲ.

ಜಗತ್ತು ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿದಾಗ ಕಂಪನಿ ಅಧಿಕೃತವಾಗಿ ರೇಸಿನಿಂದ ಹಿಂದೆ ಸರಿಯಿತು. ಆದರೂ 1931ರಲ್ಲಿ ಕರಾಚಿಯೊಲಾಗೆ ಒಂದು ಕಾರು, ಕೆಲವೇ ಮೆಕ್ಯಾನಿಕ್‌ಗಳು ಮತ್ತು ನೊಯ್‌ಬಾವರ್ ಅವರ ನೆರವು ದೊರಕಿತು. ತೂಕ ಇಳಿಸಲೆಂದು ಆ ಕಾರಿನ ಚೌಕಟ್ಟಿಗೇ ಸಾಲುಸಾಲಾಗಿ ತೂತು ಕೊರೆದಿದ್ದರು. ಇಟಲಿಯ ಬ್ರೆಶಿಯಾದಿಂದ ರೋಮ್‌ಗೆ ಹೋಗಿ ಮರಳುವ ಸಾವಿರ ಮೈಲಿಗಳ ಮಿಲ್ಲೆ ಮಿಲ್ಯಾ ರೇಸನ್ನು ಇಟಾಲಿಯನ್ನರಲ್ಲದವರು ಅದುವರೆಗೆ ಗೆದ್ದೇ ಇರಲಿಲ್ಲ. ಮನೆಯಂಗಳದಲ್ಲೇ ಓಡುತ್ತಿದ್ದ ಇಟಲಿಯ ತಂಡಗಳ ಎದುರು ಬೆರಳೆಣಿಕೆಯ ಆಳುಗಳನ್ನು ದಾರಿಯುದ್ದಕ್ಕೂ ಹಂಚಿ ನಿಲ್ಲಿಸುವುದೇ ಒಂದು ಸಾಹಸವಾಗಿತ್ತು. ಕರಾಚಿಯೊಲಾ 16 ಗಂಟೆ 10 ನಿಮಿಷಗಳಲ್ಲಿ, ಗಂಟೆಗೆ 101 ಕಿ.ಮೀ. ಸರಾಸರಿ ವೇಗದಲ್ಲಿ ಗೆದ್ದರು.

1934ರಿಂದ ಮರ್ಸಿಡಿಸ್ ಪೂರ್ಣಪ್ರಮಾಣದಲ್ಲಿ ಮರಳಿತು. ಇಂಧನ, ದ್ರವ, ಟೈರುಗಳನ್ನು ಬಿಟ್ಟು ಕಾರಿನ ತೂಕ 750 ಕಿಲೋ ಮೀರಬಾರದೆಂಬುದು ಆ ಕಾಲದ ಗ್ರಾಂಪ್ರಿ ನಿಯಮ. ನ್ಯೂರ್‌ಬರ್ಗ್‌ರಿಂಗ್‌ನ ಐಫೆಲ್ ರೇಸಿನ ಹಿಂದಿನ ದಿನ ಕಾರು 751 ಕಿಲೋ ತೂಗಿತೆಂದೂ, ಆ ಒಂದು ಕಿಲೋ ಇಳಿಸಲು ರಾತ್ರಿಯಿಡೀ ಬಿಳಿ ಬಣ್ಣವನ್ನು ಕೆರೆದು ತೆಗೆಯಲಾಯಿತೆಂದೂ, ಕೆಳಗಿನ ಅಲ್ಯುಮಿನಿಯಂ ಬೆಳ್ಳಿಯಂತೆ ಹೊಳೆದು ಬೆಳ್ಳಿಬಾಣ ಎಂಬ ಹೆಸರು ಹುಟ್ಟಿತೆಂದೂ ನೊಯ್‌ಬಾವರ್ ಬರೆದಿದ್ದಾರೆ. ಕಥೆ ಚೆನ್ನಾಗಿದೆ, ಆದರೆ ಇತಿಹಾಸಕಾರರು ಒಪ್ಪುವುದಿಲ್ಲ. ಆ ರೇಸ್ ತೂಕದ ನಿಯಮದಡಿ ನಡೆದೇ ಇರಲಿಲ್ಲ, ಬೆಳ್ಳಿಬಾಣ ಎಂಬ ಮಾತು 1932ರಲ್ಲೇ ಕೇಳಿಬಂದಿತ್ತು ಎಂಬುದು ಅವರ ವಾದ. ನೊಯ್‌ಬಾವರ್ ಒಳ್ಳೆಯ ಕಥೆಗಾರರೂ ಹೌದೆಂಬುದನ್ನು ಅವರ ಬದುಕನ್ನು ಓದುವವರು ಮರೆಯಬಾರದು.

ಮರೆಯಬಾರದ ಇನ್ನೊಂದು ಸಂಗತಿ, ಈ ಬೆಳ್ಳಿಬಾಣಗಳ ಹಿಂದಿದ್ದ ಹಣ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಮರ್ಸಿಡಿಸ್‌ಗೂ ಅದರ ಎದುರಾಳಿ ಆಟೊ ಯೂನಿಯನ್‌ಗೂ ಸರ್ಕಾರದ ಅನುದಾನ ದೊರೆಯಿತು. ಪ್ರತಿ ಗೆಲುವೂ ನಾಜಿ ಆಡಳಿತದ ಪ್ರಚಾರಕ್ಕೆ ಸರಕಾಯಿತು. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನೂ ಬಿಡದೆ ಅಳೆಯುತ್ತಿದ್ದ ಸ್ಟಾಪ್‌ವಾಚು ಇದನ್ನು ಅಳೆಯಲಿಲ್ಲ.

ತಂಡ ನಡೆಸುವುದೆಂದರೆ ಬರೀ ಯಂತ್ರಗಳನ್ನು ಸಜ್ಜುಗೊಳಿಸುವುದಲ್ಲ, ಮನುಷ್ಯರನ್ನು ಸಂಭಾಳಿಸುವುದು. ಇಟಲಿಯ ಲೂಯಿಜಿ ಫಾಜಿಯೋಲಿಗೆ ಸಹಚಾಲಕನನ್ನು ಮುಂದೆ ಬಿಡುವಂತೆ ಆದೇಶಿಸಿದರೆ ಸಿಟ್ಟಿನಿಂದ ಕಾರನ್ನೇ ನಿಲ್ಲಿಸಿ ಹೊರಟುಹೋಗುತ್ತಿದ್ದರು. ತಂಡದಲ್ಲಿ ಮೆಕ್ಯಾನಿಕ್ ಆಗಿದ್ದು ಚಾಲಕನ ಮಟ್ಟಕ್ಕೇರಿದ ಹೆರ್ಮನ್ ಲಾಂಗ್ ಅವರನ್ನು ಕುಲೀನ ಮನೆತನದ ಮಾನ್‌ಫ್ರೆಡ್ ಫಾನ್ ಬ್ರೌಖಿಚ್ ಸಮಾನರೆಂದು ಕಾಣುತ್ತಿರಲಿಲ್ಲ. ಇವರೆಲ್ಲರ ಅಪ್ಪನಂತೆಯೂ ಹವಾಲ್ದಾರನಂತೆಯೂ ಇದ್ದು ನೊಯ್‌ಬಾವರ್ ನಿಭಾಯಿಸಬೇಕಿತ್ತು.

ಅವರ ಲೆಕ್ಕಾಚಾರ ಎಂದೂ ತಪ್ಪಲಿಲ್ಲವೆಂದಲ್ಲ. 1935ರ ಜುಲೈ 28ರಂದು ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಜರ್ಮನ್ ಗ್ರಾಂಪ್ರಿ. ಇಟಲಿಯ ಟಾಜಿಯೋ ನುವೊಲಾರಿ ಓಡಿಸುತ್ತಿದ್ದ ಆಲ್ಫಾ ರೋಮಿಯೊ ಶಕ್ತಿಯಲ್ಲಿ ಜರ್ಮನ್ ಕಾರುಗಳಿಗೆ ಸಾಟಿಯೇ ಅಲ್ಲ. ಅದೂ ಸಾಲದೆಂಬಂತೆ ಪಿಟ್‌ನಲ್ಲಿ ಇಂಧನದ ಪಂಪು ಕೆಟ್ಟು ಎರಡು ನಿಮಿಷಕ್ಕೂ ಹೆಚ್ಚು ಕಾಲ ನುವೊಲಾರಿ ನಿಲ್ಲಬೇಕಾಯಿತು. ಆದರೂ ಒಬ್ಬೊಬ್ಬರನ್ನೇ ಹಿಂದಿಕ್ಕಿ ಅವರು ಎರಡನೇ ಸ್ಥಾನಕ್ಕೆ ಬಂದರು. ಮುಂದಿದ್ದ ಬ್ರೌಖಿಚ್‌ರ ಹಿಂದಿನ ಟೈರು ಸವೆದಿತ್ತು. ಅದನ್ನು ನೊಯ್‌ಬಾವರ್ ಕಂಡಿದ್ದರು. ಕರೆದು ಟೈರು ಬದಲಿಸಿದರೆ ಗೆಲುವು ಹೋಗುವುದು ಖಚಿತ. ಬಿಟ್ಟರೆ ಟೈರು ಉಳಿಯಲೂಬಹುದು. ಉಳಿದದ್ದು ಒಂದೇ ಸುತ್ತು, ಆದರೆ ಆ ಸುತ್ತಿನ ಉದ್ದ 22 ಕಿ.ಮೀ.ಗೂ ಹೆಚ್ಚು. ಅವರು ಬಿಟ್ಟರು. ದಾರಿಯಲ್ಲಿ ಟೈರು ಸಿಡಿಯಿತು, ನುವೊಲಾರಿ ಗೆದ್ದರು, ಬ್ರೌಖಿಚ್ ಚಕ್ರದ ಬರಿಯ ರಿಮ್ಮಿನ ಮೇಲೆ ತೆವಳುತ್ತ ಐದನೆಯವರಾಗಿ ಬಂದರು. ಅಧಿಕಾರಿಗಳಿಂದ ತುಂಬಿದ್ದ ಗ್ಯಾಲರಿ ಸ್ತಬ್ಧವಾಯಿತು.

ಮೂರು ವರ್ಷಗಳ ನಂತರ, 1938ರ ಜುಲೈ 24ರಂದು, ಅದೇ ಪಥ, ಅದೇ ಬ್ರೌಖಿಚ್. ಇಂಧನ ತುಂಬುವಾಗ ಚೆಲ್ಲಿದ ದ್ರವಕ್ಕೆ ಬೆಂಕಿ ತಗುಲಿ ಕಾರಿನ ಹಿಂಭಾಗ ಭಗ್ಗನೆ ಉರಿಯಿತು. ಮುಂದೆ ಧಾವಿಸಿ ಚಾಲಕನನ್ನು ಕಾಕ್‌ಪಿಟ್‌ನಿಂದ ಎಳೆದು ಹೊರಹಾಕಿದವರು ನೊಯ್‌ಬಾವರ್. ಬೆಂಕಿ ಆರಿದ ಮೇಲೆ ಬ್ರೌಖಿಚ್ ಮತ್ತೆ ಹೊರಟು ಹಾದಿಯಲ್ಲಿ ಕಾರನ್ನು ಕಳೆದುಕೊಂಡರು. ಗೆದ್ದವರು ಅದೇ ತಂಡದ ಇಂಗ್ಲಿಷ್ ಯುವಕ ರಿಚರ್ಡ್ ಸೀಮನ್. ಮರುವರ್ಷದ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮುನ್ನಡೆಯಲ್ಲಿದ್ದಾಗಲೇ ಸೀಮನ್‌ರ ಕಾರು ಮರಕ್ಕೆ ಬಡಿದು ಹೊತ್ತಿಕೊಂಡಿತು. ಅಂದು ಎಳೆದು ಹೊರತೆಗೆಯಲು ವ್ಯವಸ್ಥಾಪಕರು ಅಲ್ಲಿರಲಿಲ್ಲ. ಅದೇ ರಾತ್ರಿ ಆತ ತೀರಿಕೊಂಡರು.

ಸಿದ್ಧತೆಯ ವಿಷಯದಲ್ಲಿ ಯುದ್ಧಪೂರ್ವದ ಅತಿ ದೊಡ್ಡ ಸಾಧನೆ ಟ್ರಿಪೊಲಿಯದು. ಜರ್ಮನ್ನರ ಎದುರು ಸೋತು ಸಾಕಾದ ಇಟಾಲಿಯನ್ನರು 1939ರಿಂದ ತಮ್ಮ ರೇಸುಗಳನ್ನು ಒಂದೂವರೆ ಲೀಟರ್ ಎಂಜಿನ್‌ಗಳಿಗಷ್ಟೇ ಸೀಮಿತಗೊಳಿಸುವುದಾಗಿ 1938ರ ಸೆಪ್ಟೆಂಬರ್‌ನಲ್ಲಿ ಸಾರಿದರು. ಅಂಥ ಕಾರು ಮರ್ಸಿಡಿಸ್ ಬಳಿ ಇರಲೇ ಇಲ್ಲ. ಎಂಟು ತಿಂಗಳೂ ತುಂಬದೊಳಗೆ, ಗುಟ್ಟಾಗಿ, ಹೊಚ್ಚಹೊಸ ಕಾರೊಂದನ್ನು ಚಿತ್ರದಿಂದ ಹಿಡಿದು ಚಕ್ರದವರೆಗೆ ಕಂಪನಿ ಕಟ್ಟಿ ನಿಲ್ಲಿಸಿತು. 1939ರ ಮೇ 7ರಂದು ಆಗಿನ ಇಟಲಿಯ ವಸಾಹತು ಲಿಬಿಯಾದ ಸುಡುಬಿಸಿಲಲ್ಲಿ ಎರಡೇ ಎರಡು ಕಾರುಗಳು ಇಳಿದವು. ಲಾಂಗ್ ಮೊದಲಿಗರಾಗಿ, ಕರಾಚಿಯೊಲಾ ಎರಡನೆಯವರಾಗಿ ಬಂದರು. ನಾಲ್ಕು ತಿಂಗಳಲ್ಲಿ ಯುದ್ಧ ಬಂತು. ಸೆಪ್ಟೆಂಬರ್ 3ರಂದು, ಬ್ರಿಟನ್ ಯುದ್ಧ ಸಾರಿದ ದಿನವೇ, ಬೆಲ್‌ಗ್ರೇಡ್‌ನಲ್ಲಿ ರೇಸ್ ನಡೆಯಿತು. ಊರಿಗೆ ಮರಳಲೆಂದು ವಿಮಾನ ಹತ್ತಿ ಕುಳಿತಿದ್ದ ಬ್ರೌಖಿಚ್‌ರನ್ನು ನೊಯ್‌ಬಾವರ್ ಇಳಿಸಿಕೊಂಡು ಬಂದು ಕಾರಿನಲ್ಲಿ ಕೂರಿಸಿದರೆಂಬುದು ಪ್ರಸಿದ್ಧ ಕಥೆ.

ಯುದ್ಧಾನಂತರ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. 1952ರಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಕಾರಿನೊಂದಿಗೆ ಮರಳಿತು. ಮೆಕ್ಸಿಕೊ ದೇಶವನ್ನು ಉದ್ದಕ್ಕೂ ದಾಟುವ ಕರೇರಾ ಪಾನಮೆರಿಕಾನಾ ರೇಸಿನಲ್ಲಿ ಕಾರ್ಲ್ ಕ್ಲಿಂಗ್‌ರ ಪಕ್ಕದಲ್ಲಿ ಕುಳಿತ ಹಾನ್ಸ್ ಕ್ಲೆಂಕ್, ಮುಂದಿನ ತಿರುವುಗಳನ್ನು ಮೊದಲೇ ಬರೆದಿಟ್ಟ ಟಿಪ್ಪಣಿ ನೋಡಿ ಹೇಳುತ್ತಿದ್ದರು. ರಣಹದ್ದೊಂದು ಮುಂಗಾಜನ್ನು ಒಡೆದು ಒಳಗೆ ಬಂದು ಕ್ಲೆಂಕ್‌ಗೆ ಬಡಿಯಿತು. ಆದರೂ ಅವರು ಗೆದ್ದರು. ಮರುದಿನ ಮುಂಗಾಜಿಗೆ ಕಬ್ಬಿಣದ ಸರಳುಗಳು ಬಂದವು. ಟಿಪ್ಪಣಿಯ ಆ ಉಪಾಯ ಮೂರು ವರ್ಷಗಳ ನಂತರ ಇಟಲಿಯಲ್ಲಿ ಪೂರ್ಣರೂಪ ಪಡೆಯಿತು.

1955ರ ಮಿಲ್ಲೆ ಮಿಲ್ಯಾ ನೊಯ್‌ಬಾವರ್ ಅವರ ಬದುಕಿನ ಮೇರುಕೃತಿ ಎನ್ನಬಹುದು. ತಂಡದಲ್ಲಿ ನಾಲ್ಕು 300 ಎಸ್‌ಎಲ್‌ಆರ್ ಕಾರುಗಳು. ಅವನ್ನು ರೂಪಿಸಿದ ಎಂಜಿನಿಯರ್ ರುಡಾಲ್ಫ್ ಊಲನ್‌ಹೌಟ್ ಪರೀಕ್ಷೆಯ ವೇಳೆ ತಮ್ಮ ಚಾಲಕರಿಗೆ ಸರಿಸಮನಾಗಿ ಓಡಿಸಬಲ್ಲವರಾಗಿದ್ದರು. ಚಾಲಕರು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ, ಜರ್ಮನಿಯ ಕ್ಲಿಂಗ್ ಮತ್ತು ಹಾನ್ಸ್ ಹೆರ್ಮನ್, ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್. ಮಾಸ್ ಈ ಹಿಂದೆಯೇ ತಂಡ ಸೇರಲು ಬಯಸಿದ್ದರು. ಮೊದಲು ಉತ್ತಮ ಗ್ರಾಂಪ್ರಿ ಕಾರೊಂದರಲ್ಲಿ ಕೈ ತೋರಿಸಲಿ ಎಂಬುದು ನೊಯ್‌ಬಾವರ್ ಅವರ ಅಭಿಪ್ರಾಯವಾಗಿತ್ತು. ಮಾಸ್ 1954ರಲ್ಲಿ ಮಸೆರಾಟಿ ಕೊಂಡು ಕೈ ತೋರಿಸಿದರು, 1955ಕ್ಕೆ ಸೇರ್ಪಡೆಯಾದರು. ಫಾಂಜಿಯೊ ಮಾತ್ರ ಒಬ್ಬರೇ ಹೋಗುವೆನೆಂದರು. 1948ರಲ್ಲಿ ದಕ್ಷಿಣ ಅಮೆರಿಕದ ರಸ್ತೆ ರೇಸೊಂದರಲ್ಲಿ ತಮ್ಮ ಪಕ್ಕದಲ್ಲಿದ್ದ ಗೆಳೆಯನನ್ನು ಕಳೆದುಕೊಂಡ ಮೇಲೆ ಇನ್ನೊಬ್ಬರ ಜೀವವನ್ನು ಪಕ್ಕದಲ್ಲಿರಿಸಿಕೊಳ್ಳಲು ಅವರು ಒಲ್ಲರು.

ಮಾಸ್ ಆರಿಸಿಕೊಂಡದ್ದು ಡೆನಿಸ್ ಜೆಂಕಿನ್ಸನ್ ಎಂಬ ಗಡ್ಡಧಾರಿ ಪತ್ರಕರ್ತನನ್ನು. ಕುಳ್ಳಗಿನ ಈ ಮನುಷ್ಯ 1949ರಲ್ಲಿ ಸೈಡ್‌ಕಾರ್ ಮೋಟಾರ್‌ಸೈಕಲ್ ರೇಸಿನ ವಿಶ್ವವಿಜೇತ ಜೋಡಿಯಲ್ಲಿ ಪಕ್ಕದ ಸವಾರರಾಗಿದ್ದವರು, ವೇಗಕ್ಕೆ ಅಂಜುವವರಲ್ಲ. ಸಾವಿರ ಮೈಲಿಯ ರಸ್ತೆಯನ್ನು ಇಟಲಿಯ ಚಾಲಕರಂತೆ ಬಾಲ್ಯದಿಂದ ಬಲ್ಲವರು ಇವರಿಬ್ಬರೂ ಅಲ್ಲ. ಹಾಗಾದರೆ ರಸ್ತೆಯನ್ನೇ ಕಾಗದಕ್ಕಿಳಿಸಬೇಕು. ವಾರಗಟ್ಟಲೆ ಅದೇ ದಾರಿಯಲ್ಲಿ ಓಡಾಡಿ ಪ್ರತಿ ಕುರುಡು ತಿರುವು, ಪ್ರತಿ ದಿಬ್ಬ, ಪ್ರತಿ ರೈಲ್ವೆ ಗೇಟನ್ನು ಜೆಂಕಿನ್ಸನ್ ಗುರುತು ಹಾಕಿಕೊಂಡರು. ಯಾವ ದಿಬ್ಬದಾಚೆ ರಸ್ತೆ ನೆಟ್ಟಗಿದೆ, ಯಾವುದರಾಚೆ ತಿರುಗುತ್ತದೆ ಎಂಬುದು ತಿಳಿದರೆ ಇತರರು ವೇಗ ತಗ್ಗಿಸುವಲ್ಲಿ ಮಾಸ್ ತಗ್ಗಿಸಬೇಕಿಲ್ಲ. ಎಲ್ಲವೂ ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯಾಯಿತು. ಮೇಲೆ ಪಾರದರ್ಶಕ ಕಿಟಕಿಯಿದ್ದ ಅಲ್ಯುಮಿನಿಯಂ ಪೆಟ್ಟಿಗೆಯೊಳಗೆ ಅದನ್ನು ಸುತ್ತಿ, ಕೈಯಿಂದ ತಿರುಗಿಸುತ್ತ ಓದುವ ವ್ಯವಸ್ಥೆಯಾಯಿತು.

ಎಂಜಿನಿನ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಟೆಲಿಫೋನಿನಂಥ ಸಾಧನವನ್ನೂ ಕಟ್ಟಿ ನೋಡಿದರು. ಆದರೆ ಪೂರ್ಣ ವೇಗದಲ್ಲಿ ಓಡಿಸುವಾಗ ಮಾಸ್‌ರ ಕಿವಿಗೆ ಬಿದ್ದ ಮಾತು ಮನಸ್ಸಿಗೆ ಇಳಿಯುತ್ತಲೇ ಇರಲಿಲ್ಲ. ಕೊನೆಗೆ ಕೈಸನ್ನೆಗಳ ಭಾಷೆಯೊಂದನ್ನು ಇಬ್ಬರೂ ರೂಢಿಸಿಕೊಂಡರು. ಇವೆಲ್ಲದಕ್ಕೂ ಬೇಕಾದ ಕಾರು, ಕಾಲ, ಹಣವನ್ನು ನೊಯ್‌ಬಾವರ್ ಲೆಕ್ಕವಿಡದೆ ಒದಗಿಸಿದರು. ಅಭ್ಯಾಸದ ವೇಳೆ ಕಾರು ಜಖಂ ಆದಾಗಲೂ ಗೊಣಗಲಿಲ್ಲ. ದಾರಿಯಲ್ಲಿ ಯಾರ ನೆರವೂ ಸಿಗದ ಕಡೆ ಟೈರು ಪಂಕ್ಚರ್ ಆದರೆ ಏನು ಗತಿ? ಇಬ್ಬರಿಗೂ ಚಕ್ರ ಬದಲಿಸುವುದನ್ನು ಕಲಿಸಲಾಯಿತು. ಎಲ್ಲೆಲ್ಲಿ ಮೆಕ್ಯಾನಿಕ್‌ಗಳು ನಿಂತಿರಬೇಕು, ಎಲ್ಲಿ ಇಂಧನ, ಎಲ್ಲಿ ಟೈರು ಎಂಬುದೆಲ್ಲ ಮೊದಲೇ ನಿಗದಿಯಾಗಿತ್ತು.

ಮೇ 1ರ ಮುಂಜಾನೆ 7 ಗಂಟೆ 22 ನಿಮಿಷಕ್ಕೆ ಮಾಸ್ ಹೊರಟರು. ಹೊರಡುವ ಸಮಯವೇ ಕಾರಿನ ಸಂಖ್ಯೆ, 722. ಪೆಸ್ಕಾರಾದಲ್ಲಿ ಇಂಧನಕ್ಕೆ ಅರ್ಧ ನಿಮಿಷ, ರೋಮ್‌ನಲ್ಲಿ ಇಂಧನ ಮತ್ತು ಟೈರಿಗೆ ಸುಮಾರು ಒಂದು ನಿಮಿಷ ನಿಂತರು. ಜೆಂಕಿನ್ಸನ್‌ಗೆ ಮಧ್ಯೆ ವಾಂತಿಯಾಗಿ, ತಲೆ ಹೊರಹಾಕಿದಾಗ ಕನ್ನಡಕ ಗಾಳಿಗೆ ಹಾರಿಹೋಯಿತು. ಜೇಬಿನಲ್ಲಿ ಇನ್ನೊಂದು ಕನ್ನಡಕವಿತ್ತು. ಇಡೀ ರೇಸಿನ ತಾತ್ಪರ್ಯ ಆ ಜೇಬಿನಲ್ಲಿತ್ತು ಎಂದರೂ ಸಲ್ಲುತ್ತದೆ. ಕ್ಲಿಂಗ್ ರೋಮ್ ಬಳಿ ಅಪಘಾತಕ್ಕೀಡಾದರು, ಹೆರ್ಮನ್ ಕೂಡ ಮುಗಿಸಲಿಲ್ಲ. ಮಾಸ್ 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ, ಗಂಟೆಗೆ 157.65 ಕಿ.ಮೀ. ಸರಾಸರಿಯಲ್ಲಿ ಬ್ರೆಶಿಯಾ ಸೇರಿದರು. ಕುಂಟುತ್ತಿದ್ದ ಎಂಜಿನ್‌ನೊಂದಿಗೆ ಒಬ್ಬರೇ ಓಡಿಸಿಕೊಂಡು ಬಂದ ಫಾಂಜಿಯೊ ಅರ್ಧ ಗಂಟೆಗೂ ಹೆಚ್ಚು ತಡವಾಗಿ ಎರಡನೆಯವರಾದರು. ಮಾಸ್‌ರ ಆ ದಾಖಲೆಯನ್ನು ಮುಂದೆ ಯಾರೂ ಮುರಿಯಲಿಲ್ಲ. 1957ರ ನಂತರ ಆ ರೇಸೇ ವೇಗದ ಸ್ಪರ್ಧೆಯಾಗಿ ಉಳಿಯಲಿಲ್ಲ.

ಆರು ವಾರಗಳ ನಂತರ ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ರೇಸ್. ಇಲ್ಲಿಯೂ ಸಿದ್ಧತೆಗೆ ಕೊರತೆ ಇರಲಿಲ್ಲ. ಎದುರಾಳಿ ಜಾಗ್ವಾರ್ ಬಳಿ ಡಿಸ್ಕ್ ಬ್ರೇಕುಗಳಿದ್ದವು, ಮರ್ಸಿಡಿಸ್ ಬಳಿ ಹಳೆಯ ಡ್ರಮ್ ಬ್ರೇಕುಗಳು. ಆ ಕೊರತೆ ತುಂಬಲು ಚಾಲಕನ ಬೆನ್ನ ಹಿಂದೆ ಮೇಲೆದ್ದು ಗಾಳಿಯನ್ನು ತಡೆಯುವ ದೊಡ್ಡ ಫಲಕವನ್ನೇ ಜೋಡಿಸಲಾಯಿತು. ಕೆಟ್ಟ ಕಾರನ್ನು ಹೊತ್ತು ಗಂಟೆಗೆ 160 ಕಿ.ಮೀ.ಗೂ ಮೀರಿ ಓಡಬಲ್ಲ ನೀಲಿ ಬಣ್ಣದ ಲಾರಿಯೊಂದನ್ನೂ ಆ ವರ್ಷ ಕಂಪನಿ ಕಟ್ಟಿತ್ತು. ಮೂರು ಕಾರುಗಳಲ್ಲಿ ಒಂದನ್ನು ಫ್ರಾನ್ಸಿನ ಪಿಯರ್ ಲೆವೆಗ್‌ಗೆ ಕೊಟ್ಟರು. 1952ರಲ್ಲಿ ಇಲ್ಲಿಯೇ ಸುಮಾರು 23 ಗಂಟೆ ಕಾಲ ಒಬ್ಬರೇ ಕಾರು ಓಡಿಸಿ, ಗೆಲುವಿನ ಹೊಸ್ತಿಲಲ್ಲಿ ಎಂಜಿನ್ ಕೆಟ್ಟು ಸೋತ ಅವರ ಛಲ ನೊಯ್‌ಬಾವರ್ ಮನಸ್ಸಿನಲ್ಲಿ ನಿಂತಿತ್ತು. ಆ ಸಲ ಗೆದ್ದದ್ದು ಮರ್ಸಿಡಿಸ್. ಲೆವೆಗ್‌ಗೆ ಆಗ 49 ವರ್ಷ.

1955ರ ಜೂನ್ 11, ಸಂಜೆ ಆರೂವರೆಯ ಸುಮಾರು. ಪಿಟ್‌ಗೂ ಓಡುವ ಪಥಕ್ಕೂ ನಡುವೆ ಗೋಡೆಯಿರಲಿಲ್ಲ. ಪಿಟ್‌ಗೆ ಬರಲು ಜಾಗ್ವಾರ್‌ನ ಮೈಕ್ ಹಾಥಾರ್ನ್ ಬ್ರೇಕ್ ಒತ್ತಿದರು. ಹಿಂದಿದ್ದ ಆಸ್ಟಿನ್-ಹೀಲಿ ಪಕ್ಕಕ್ಕೆ ಸರಿಯಿತು. ಲೆವೆಗ್‌ರ ಕಾರು ಅದರ ಬೆನ್ನೇರಿ ಗಾಳಿಗೆ ಚಿಮ್ಮಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಎಂಜಿನ್ ಮತ್ತಿತರ ಭಾಗಗಳು ಜನರ ನಡುವೆ ನುಗ್ಗಿದವು. ಹಗುರವಾಗಲೆಂದು ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡಿದ್ದ ಮೈ ಗಂಟೆಗಟ್ಟಲೆ ಉರಿಯಿತು. ಲೆವೆಗ್ ಮತ್ತು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಹಿಂದೆಯೇ ಬರುತ್ತಿದ್ದ ಫಾಂಜಿಯೊ ಕೂದಲೆಳೆಯಲ್ಲಿ ಪಾರಾದರು. ಕೊನೆಯ ಕ್ಷಣದಲ್ಲಿ ಲೆವೆಗ್ ಕೈ ಎತ್ತಿ ತನ್ನನ್ನು ಎಚ್ಚರಿಸಿದರೆಂದು ಅವರು ಜೀವನವಿಡೀ ಹೇಳುತ್ತಿದ್ದರು.

ಜನ ಒಮ್ಮೆಲೇ ಹೊರಟರೆ ಆಂಬುಲೆನ್ಸುಗಳ ದಾರಿ ಮುಚ್ಚುತ್ತದೆಂದು ಸಂಘಟಕರು ರೇಸ್ ನಿಲ್ಲಿಸಲಿಲ್ಲ. ಸ್ಟುಟ್‌ಗಾರ್ಟ್‌ನ ನಿರ್ದೇಶಕರೊಂದಿಗೆ ಫೋನಿನಲ್ಲಿ ಮಾತುಕತೆ ನಡೆದು ನಿರ್ಧಾರ ಬರುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಆಗ ಫಾಂಜಿಯೊ ಮತ್ತು ಮಾಸ್‌ರ ಕಾರು ಮುನ್ನಡೆಯಲ್ಲಿತ್ತು. ಎರಡು ಗಂಟೆಯ ಹೊತ್ತಿಗೆ ನೊಯ್‌ಬಾವರ್ ಪಥದಂಚಿಗೆ ಹೋಗಿ ಸನ್ನೆ ಮಾಡಿ ತಮ್ಮ ಎರಡೂ ಕಾರುಗಳನ್ನು ಒಳಗೆ ಕರೆದರು. ಹಿಂದೆ ಸರಿಯುವಂತೆ ಜಾಗ್ವಾರ್‌ಗೂ ಕೇಳಿಕೊಳ್ಳಲಾಯಿತು. ಅವರು ಒಪ್ಪಲಿಲ್ಲ, ಗೆದ್ದರು. ಮೂವತ್ತು ವರ್ಷ ಚಾಲಕರನ್ನು ಮುಂದೆ ಮುಂದೆ ಅಟ್ಟಲು ಬಳಸಿದ ಸನ್ನೆಯ ಭಾಷೆಯನ್ನು ಅವರು ಅಂದು ಬಳಸಿದ್ದು, ಗೆಲ್ಲುತ್ತಿದ್ದ ಕಾರನ್ನು ನಿಲ್ಲಿಸಲು. ನ್ಯಾಯಾಂಗ ವಿಚಾರಣೆ ಯಾವ ಚಾಲಕನನ್ನೂ ಹೊಣೆ ಮಾಡಲಿಲ್ಲ. ಆ ವೇಗಕ್ಕೆ ತಕ್ಕಂತೆ ಪಥ ರೂಪುಗೊಂಡಿರಲಿಲ್ಲ ಎಂಬುದೇ ಮುಖ್ಯ ದೋಷವೆನಿಸಿತು. ತಂಡವೊಂದು ತನ್ನ ಕಾರು, ಟೈರು, ಕನ್ನಡಕವನ್ನೆಲ್ಲ ಸಿದ್ಧಗೊಳಿಸಿಕೊಳ್ಳಬಹುದು. ಪ್ರೇಕ್ಷಕರ ಮುಂದಿನ ದಿಬ್ಬ ಎಷ್ಟೆತ್ತರವಿದೆ ಎಂಬುದು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಆ ವರ್ಷದ ವಿಶ್ವ ಚಾಲಕ ಪ್ರಶಸ್ತಿ ಫಾಂಜಿಯೊಗೆ ಬಂತು. ಅಕ್ಟೋಬರ್ 16ರಂದು ಟಾರ್ಗಾ ಫ್ಲೋರಿಯೊವನ್ನು ಮಾಸ್ ಮತ್ತು ಪೀಟರ್ ಕಾಲಿನ್ಸ್ ಗೆದ್ದು ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಷಿಪ್ ಕೂಡ ಮರ್ಸಿಡಿಸ್‌ಗೆ ದಕ್ಕಿತು. ಸ್ವತಃ ಕಾರು ಓಡಿಸಿ ಸೋತ ಸಿಸಿಲಿಯ ಅದೇ ಬೆಟ್ಟದ ರಸ್ತೆಗಳಲ್ಲಿ ನೊಯ್‌ಬಾವರ್ ತಮ್ಮ ಕೊನೆಯ ಗೆಲುವು ಕಂಡರು. ಅದೇ ತಿಂಗಳು ಸ್ಟುಟ್‌ಗಾರ್ಟ್‌ನ ಕಾರ್ಖಾನೆಯಲ್ಲಿ ಚಾಲಕರ ಸಮ್ಮುಖದಲ್ಲಿ ಕಂಪನಿ ರೇಸಿಂಗ್‌ಗೆ ವಿದಾಯ ಹೇಳಿತು. ಕಾರುಗಳ ಮೇಲೆ ಬಿಳಿ ಬಟ್ಟೆ ಹೊದಿಸಿದರು.

ಆಗ 64 ವರ್ಷದವರಾಗಿದ್ದ ನೊಯ್‌ಬಾವರ್ ಮುಂದೆ ಕಂಪನಿಯ ವಸ್ತುಸಂಗ್ರಹಾಲಯದ ಕೆಲಸಕ್ಕೆ ತಿರುಗಿದರು. 1958ರಲ್ಲಿ ಆತ್ಮಕಥೆ ಪ್ರಕಟಿಸಿದರು. 1980ರ ಆಗಸ್ಟ್ 22ರಂದು, 89ನೇ ವಯಸ್ಸಿನಲ್ಲಿ, ಸ್ಟುಟ್‌ಗಾರ್ಟ್ ಸಮೀಪದ ಆಲ್ಡಿಂಗನ್‌ನಲ್ಲಿ ನಿಧನರಾದರು. ಮರ್ಸಿಡಿಸ್ ತನ್ನದೇ ತಂಡದೊಂದಿಗೆ ಗ್ರಾಂಪ್ರಿ ಪಥಕ್ಕೆ ಮರಳಿದ್ದು 2010ರಲ್ಲಿ, ಆ ಬಿಳಿ ಬಟ್ಟೆ ಹೊದಿಸಿದ 55 ವರ್ಷಗಳ ಬಳಿಕ.